ತುಂಡಿನ ಕೆಳಗಿನ ಕೈ

ಮೊನ್ನೆ ನನ್ನ ಮೊಮ್ಮಗಳು ಚಿನ್ನಾಳಪಟ್ಟಿಯ ನೇಕಾರರಿಂದ ಎರಡು ಹೊಸ ತುಂಡು ತಂದಳು. ತುಂಡು ಎಂದರೆ ನಮ್ಮ ಸೀಮೆಯಲ್ಲಿ ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುವ ವಸ್ತ್ರ. ಗಂಡನಿಗೆಂದು ತಂದಿದ್ದಳು. ಮಡಿಕೆ ಬಿಚ್ಚಿ ನನ್ನ ಮಡಿಲಿಗೆ ಹಾಕಿ, "ನೋಡು ಪಾಟೀ, ಗಟ್ಟಿ ಐತಾ?" ಎಂದಳು. ಇನ್ನೂ ನೀರು ಕಾಣದ ಬಟ್ಟೆ. ನೇಯುವಾಗ ಹಾಕಿದ ಅಕ್ಕಿಗಂಜಿಯ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು. ಯಾರಿಗಾದರೂ ಆ ವಾಸನೆಗೆ ಮಗ್ಗ ನೆನಪಾಗಬೇಕು, ಇಲ್ಲವೇ ಅಡುಗೆಮನೆ. ನನಗೆ ನೆನಪಾದದ್ದು ಬೋಡಿನಾಯಕನೂರಿನ ಏಲಕ್ಕಿ ಮಂಡಿ, ಮತ್ತು ಒಬ್ಬ ಮನುಷ್ಯ. ಬಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ನಾನು ಅವರನ್ನು ಮಾಮ ಎಂದೇ ಕರೆದದ್ದು. ರಕ್ತಸಂಬಂಧ ಏನೂ ಇರಲಿಲ್ಲ. ನಮ್ಮಿಂದ ಎರಡು ಮನೆ ಆಚೆಗೆ ಅವರ ಮನೆ. ನನ್ನ ಗಂಡ ಮಾಮ ಎನ್ನುತ್ತಿದ್ದರು, ಮದುವೆಯಾಗಿ ಬಂದ ನಾನೂ ಹಾಗೇ ಎಂದೆ. ಊರಿಗೆಲ್ಲ ಅವರು ತರಗು, ಅಂದರೆ ದಲ್ಲಾಳಿ. ಬೆಟ್ಟದ ತೋಟದವರಿಗೂ ಮಧುರೆಯಿಂದ ಬರುವ ವ್ಯಾಪಾರಿಗಳಿಗೂ ನಡುವೆ ನಿಂತು ಏಲಕ್ಕಿಯ ಬೆಲೆ ಕುದುರಿಸುವುದು ಅವರ ಕಸುಬು. ನಮ್ಮ ಹಾಗೆ ಅವರದೂ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. "ಮನೆ ಮಾತಲ್ಲಿ ನಿಜ, ಸಂತೆ ಮಾತಲ್ಲಿ ಯಾಪಾರ" ಎಂದು ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಂಬಿಯೂ ನಂಬಿದ್ದೆ.

ಆಗ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ತರಗಿನವರೂ ಎದುರುಬದುರು ಕೂತು ಬಲಗೈ ಬಲಗೈ ಹಿಡಿದು ಮೇಲೆ ತುಂಡು ಹೊದಿಸುತ್ತಿದ್ದರು. ಮಾತೆಲ್ಲ ಅದರ ಕೆಳಗೆ, ಬೆರಳಿನಲ್ಲಿ. ಸುತ್ತ ನಿಂತವರಿಗೆ ಒಂದೂ ತಿಳಿಯದು. ಮಾಮ ಪ್ರತಿ ಸುಗ್ಗಿಗೂ ಗಂಜಿ ಬಿಡದ ಹೊಸ ತುಂಡನ್ನೇ ತರುತ್ತಿದ್ದರು. ಹಳೆಯ ಬಟ್ಟೆ ಮೆತ್ತಗೆ ಕೈಗೆ ಅಂಟಿಕೊಂಡು ಬೆರಳಿನ ಆಟವನ್ನೆಲ್ಲ ಜಗತ್ತಿಗೆ ತೋರಿಸುತ್ತದೆ, ಹೊಸದು ಸೆಟೆದು ನಿಲ್ಲುತ್ತದೆ ಎನ್ನುತ್ತಿದ್ದರು. ಅವರ ಹತ್ತಿರ ಬಂದರೆ ಸಾಕು, ಗಂಜಿ, ನಶ್ಯ, ಏಲಕ್ಕಿ, ಮೂರೂ ಸೇರಿದ ವಾಸನೆ...

ಬೇರೆ ತರಗಿನವರು ವ್ಯಾಪಾರಿಯ ಗಾಡಿ ಊರೊಳಗೆ ಬರುತ್ತಿದ್ದ ಹಾಗೇ ಓಡಿಹೋಗಿ ಎತ್ತಿನ ಮೂತಿ ಹಿಡಿಯುತ್ತಿದ್ದರು. ಮಾಮ ಹೋಗುತ್ತಿರಲಿಲ್ಲ. ಬಂದವನು ಸ್ನಾನ ಮಾಡಲಿ, ಉಣ್ಣಲಿ, ಎಲೆಯಡಿಕೆ ಹಾಕಿಕೊಳ್ಳಲಿ. ಬಾಯಿ ತುಂಬ ಎಲೆ ಇರುವ ಹೊತ್ತಿಗೆ ಸರಿಯಾಗಿ ಹೋಗಿ ಎದುರಿಗೆ ಕೂರಬೇಕು. ಉಗುಳಲು ಮನಸ್ಸಿಲ್ಲದವನು ಬೇಡ ಎನ್ನಲೂ ಆಗದೆ, ನಾವು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ! ಕಾಯಿಯನ್ನು ಹೊಗಳಿ ಮೂಟೆಗೆ ವಾಪಸ್ ಹಾಕುವವನು ಕೊಳ್ಳುವವನಲ್ಲ. ಬಯ್ಯುತ್ತಲೇ ಎರಡು ಕಾಯಿ ಬೆರಳ ಸಂದಿಯಲ್ಲಿ ಉಳಿಸಿಕೊಂಡವನೇ ಕೊಳ್ಳುವವನು. ತುಂಡಿನ ಕೆಳಗೆ ಬೆಲೆ ಒತ್ತಿದ ಮೇಲೆ ಕೈ ಸತ್ತ ಹಾಗೆ ಬಿದ್ದಿರಬೇಕು. ಯಾರ ಬೆರಳು ಮೊದಲು ಅಲುಗಿತೋ ಅವನು ಸೋತ. ಇದನ್ನೆಲ್ಲ ನಮ್ಮ ಜಗಲಿಯಲ್ಲಿ ಕೂತು ನನ್ನ ಗಂಡನಿಗೆ ಹೇಳುತ್ತಿದ್ದರು. ಬಾಗಿಲ ಹಿಂದೆ ಕಾಯಿ ಆರಿಸುತ್ತ ನಾನು ಕೇಳುತ್ತಿದ್ದೆ. ಕಲಿತವಳು ನಾನು. ನನ್ನ ಗಂಡ ಪಾಪದವರು, ಬೆಲೆ ಕೇಳಿದರೆ ಅದು ಮುಖದಲ್ಲೇ ಬರೆದಿರುತ್ತಿತ್ತು.

ಆ ವರ್ಷಗಳಲ್ಲಿ ಕಂಬಂ ಕಣಿವೆಯ ಮೇಲುಗಡೆ ಪೆರಿಯಾರಿಗೆ ಅಣೆ ಕಟ್ಟುತ್ತಿದ್ದರು. ಸೀಮೆಯ ಗಾಡಿ, ಎತ್ತು, ಆಳು ಎಲ್ಲ ಅಲ್ಲಿಗೇ. ಅಲ್ಲಿಂದ ಜ್ವರವೂ ಇಳಿದು ಬರುತ್ತಿತ್ತು. ನನ್ನ ಗಂಡ ತೋಟದಿಂದ ಇಳಿದವರು ಮಲಗಿದರು, ಏಳಲಿಲ್ಲ. ನಾನೂ ಒಬ್ಬ ಸಣ್ಣ ಮಗಳೂ ಉಳಿದೆವು. ಹದಿನಾರು ದಿನದ ಕರ್ಮ ಮುಗಿಯುವುದರೊಳಗೆ ತೋಟ ಇನ್ನು ಯಾರಿಗೆ ಎಂಬ ಮಾತು ಬಂದೇ ಬಂತು. ನನ್ನ ಗಂಡನ ಅಣ್ಣ, ನನಗೆ ಭಾವ, ಕೆಟ್ಟವರಲ್ಲ. ಆದರೆ ಹೆಂಗಸು ಏಲಕ್ಕಿ ಮಾರುವುದನ್ನು ಅವರ ಅಪ್ಪನೂ ಕಂಡಿರಲಿಲ್ಲ, ಅಜ್ಜನೂ ಕಂಡಿರಲಿಲ್ಲ. ಹಿರಿಯರ ಮುಂದೆ ಒಂದು ಮಾತಾಯಿತು. ಈ ಸುಗ್ಗಿಯ ಕಾಯಿಯನ್ನು ನಾನೇ ಮಾರಿ ತೋರಿಸಿದರೆ ತೋಟ ನನ್ನ ಕೈಯಲ್ಲೇ ಇರುವುದು. ಮೂಟೆ ಮನೆಯಲ್ಲೇ ಉಳಿದರೆ ತೋಟ ಅವರಿಗೆ, ನನಗೂ ಮಗಳಿಗೂ ಅವರ ಮನೆಯಲ್ಲಿ ಊಟ. ಊಟ! ಆ ಮಾತು ನನ್ನ ಮೈ ಉರಿಸಿತು.

ಆಗ ನಮ್ಮ ಮನೆಗೆ ಬಂದವರು ಮಾಮ ಒಬ್ಬರೇ. ಬಂದು ಜಗಲಿಯಲ್ಲಿ ಕೂರುತ್ತಿದ್ದರು, ನಶ್ಯ ಏರಿಸುತ್ತಿದ್ದರು, ಮಗುವಿನ ತಲೆ ಸವರಿ ಎದ್ದು ಹೋಗುತ್ತಿದ್ದರು. ಎಷ್ಟೋ ದಿನ ವ್ಯಾಪಾರದ ಸುದ್ದಿಯನ್ನೇ ಎತ್ತಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟು, "ಮಾಮ, ನಮ್ಮ ಚರಕ್ಕಿಗೆ ನೀವೇ ಕೈ ಆಗಬೇಕು" ಎಂದೆ. ಚರಕ್ಕು ಎಂದರೆ ಸರಕು. ವಿಧವೆ ಹೆಂಗಸು ಪರಗಂಡಸಿನ ಕೈ ಹಿಡಿದು ತುಂಡು ಹೊದಿಸಿಕೊಳ್ಳಲು ಆಗುತ್ತದೆಯೆ? ನನ್ನ ಮಾತು ಅವರ ಬೆರಳಿನಿಂದಲೇ ಹೋಗಬೇಕಿತ್ತು.

ಅವರು ಒಪ್ಪಿದರು. ಗುರುತನ್ನೂ ಅವರೇ ಹೇಳಿಕೊಟ್ಟರು. ಮಂಡಿಯ ಎದುರು ಒಬ್ಬ ಅಜ್ಜಿಯ ಮನೆಯಿತ್ತು, ಅದರ ಕಿಟಕಿಯಲ್ಲಿ ನಾನು ಕೂರಬೇಕು. ಅವರ ತುಂಡು ಹೆಗಲ ಮೇಲಿದ್ದರೆ ಕಾದಿರು, ಇನ್ನೂ ಹೊತ್ತಾಗಿಲ್ಲ ಎಂದು ಅರ್ಥ. ತಲೆಗೆ ಸುತ್ತಿಕೊಂಡರೆ ಮೂಟೆ ಕಳಿಸು ಎಂದು ಅರ್ಥ. "ಕೊಂಚ ಪೊರುಮೆ ಬೇಕು ಮಗಳೆ" ಎಂದರು. ಪೊರುಮೆ ಎಂದರೆ ತಾಳ್ಮೆ. "ಅವಸರ ಬಿದ್ದು ಈಚೆ ಬಂದ್ಯೋ, ಬೆಲೆ ಬಿದ್ದೋಯ್ತದೆ." ತಾಳಿದವನು ಬಾಳಿಯಾನು ಎಂದು ನನ್ನ ಅವ್ವ ಹೇಳುತ್ತಿದ್ದದ್ದೂ ಅದೇ ತಾನೆ?

ಮಾರ್ಗಳಿ ತಿಂಗಳ ಚಳಿಯಲ್ಲಿ ಮಧುರೆಯ ದೊಡ್ಡ ವ್ಯಾಪಾರಿ ತನ್ನದೇ ಗಾಡಿಗಳೊಂದಿಗೆ ಬಂದ. ಅವನು ಹೋದರೆ ಮುಗಿಯಿತು. ಅಮ್ಮಯನಾಯಕನೂರಿನ ರೈಲಿಗೆ ಮೂಟೆ ಸಾಗಿಸೋಣವೆಂದರೆ ಬಾಡಿಗೆ ಗಾಡಿಗಳೆಲ್ಲ ಅಣೆಯ ಕೆಲಸಕ್ಕೆ ಹೋಗಿದ್ದವು. ಇಟ್ಟುಕೊಂಡರೆ ಕಾಯಿಯ ಹಸಿರು ಬಿಳಿಚುತ್ತದೆ, ಸಿಪ್ಪೆ ಬಿರಿಯುತ್ತದೆ, ಯಾರೂ ಮೂಸುವುದಿಲ್ಲ. ನಮ್ಮ ಕಾಯಿ ಆ ವರ್ಷ ಬಹಳ ಚೆನ್ನಾಗಿತ್ತು, ಒಣಗಿಸುವಾಗ ನಾನು ಹೊಗೆ ತಾಗದ ಹಾಗೆ ರಾತ್ರಿ ಹಗಲು ಕಾದಿದ್ದೆ. ಗಿಳಿಯ ಬಣ್ಣ ಹಾಗೇ ನಿಂತಿತ್ತು.

ಬೆಳಿಗ್ಗೆಯೇ ಹೋಗಿ ಕಿಟಕಿಯಲ್ಲಿ ಕೂತೆ. ಮಾಮ ಬಂದರು, ಹೊಸ ತುಂಡು ಹೆಗಲ ಮೇಲೆ ಸೆಟೆದು ಕೂತಿತ್ತು. ವ್ಯಾಪಾರಿ ನಮ್ಮ ಮನೆಯಿಂದ ಹೋಗಿದ್ದ ಮಾದರಿ ಕಾಯಿಯನ್ನು ಬಿಡಿಸಿ ಮೂಸಿ, ಎರಡು ಕಾಯಿ ಬೆರಳಲ್ಲೇ ಇಟ್ಟುಕೊಂಡದ್ದು ನನಗೆ ಕಾಣಿಸಿತು. ಕೊಳ್ಳುವವನೇ! ಆದರೆ ತುಂಡು ಹೆಗಲ ಮೇಲೇ ಇತ್ತು. ಕಾದೆ. ಮಧ್ಯಾಹ್ನ ಮಾಮ ಇನ್ಯಾರದೋ ಹಳೇ ತುಂಡು ಕೇಳಿ ತೆಗೆದುಕೊಂಡು ಅದರ ಕೆಳಗೆ ವ್ಯಾಪಾರಿಯ ಕೈ ಹಿಡಿದರು. ಆಹಾ, ನನ್ನ ಕಾಯಿಯ ಮಾತೇ ನಡೆಯುತ್ತಿದೆ, ನನ್ನ ಗುರುತು ಕೆಡದಿರಲೆಂದು ಬೇರೆ ಬಟ್ಟೆ ಹಿಡಿದಿದ್ದಾರೆ ಎಂದುಕೊಂಡು ಅವರ ಜಾಣತನಕ್ಕೆ ಹಿಗ್ಗಿದೆ. ಎಂಥ ದಡ್ಡತನ! ಅಜ್ಜಿ ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಆ ಹೆಗಲನ್ನೇ ನೋಡುತ್ತ ಕೂತಿದ್ದೆ.

ಬಿಸಿಲು ಇಳಿಯಿತು. ಗಾಡಿಗೆ ಮೂಟೆ ಏರತೊಡಗಿದವು. ಗಾಡಿಯ ಮೇಲೆ ನಿಂತು ಎಣಿಸಿಕೊಳ್ಳುತ್ತಿದ್ದವನು ಮಾಮನ ಅಳಿಯ. ಅವನು ಆ ವರ್ಷವಷ್ಟೇ ನಮ್ಮ ಪಕ್ಕದ ತೋಟ ಹಿಡಿದಿದ್ದ. ಆ ಗಾಡಿ ತುಂಬುತ್ತಿದ್ದದ್ದು ಅವನ ಕಾಯಿ. ಮಾಮ ಕೆಳಗೆ ನಿಂತಿದ್ದರು. ನನಗೆ ಗುರುತಿನ ತುಂಡು ಇನ್ನೂ ಅವರ ಹೆಗಲ ಮೇಲೆ.

ನಾನು ಹೇಗೆ ಬೀದಿ ದಾಟಿದೆನೋ ತಿಳಿಯದು. ಮಂಡಿಯೊಳಗೆ ಹೆಣ್ಣಿನ ಕಾಲು ಬಿದ್ದದ್ದು ಅದೇ ಮೊದಲಿರಬೇಕು. ನೇರವಾಗಿ ವ್ಯಾಪಾರಿಯ ಮುಂದೆ ನಿಂತು, ನನ್ನ ಚರಕ್ಕು ಏಕೆ ಕೇಳಲಿಲ್ಲ ಎಂದೆ. ಅವನು ಗಾಬರಿಯಾಗಿ ಎದ್ದು ನಿಂತ.

"ಕಾಲೈಲೇ ಕೇಟ್ಟೇನೇಮ್ಮಾ! ಇಂದ ವರುಷಂ ಇಲ್ಲೇನ್ನು ಸೊನ್ನಾರೇ" ಎಂದ. ಬೆಳಿಗ್ಗೆಯೇ ಕೇಳಿದೆನಮ್ಮ, ಈ ವರ್ಷ ಇಲ್ಲ ಅಂದರಲ್ಲ, ಎಂದು.

ನಾನು ಮಾಮನ ಕಡೆ ತಿರುಗಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತುಂಡಿನ ಕೆಳಗೆ ಕೈ ಇಡುವ ಹಾಗೇ ಮುಖವನ್ನೂ ಇಟ್ಟಿದ್ದರು. ಮೆಲ್ಲಗೆ, ಮಂಡಿಯವರಿಗೆ ತಿಳಿಯದ ನಮ್ಮ ಮಾತಿನಲ್ಲಿ ಹೇಳಿದರು:

"ಪೊರುಮೆಯಾಗಿ ಇರು ಮಗಳೆ. ಬರೋ ವರ್ಷ ಆಗಲಿ."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎನ್ನುತ್ತಾರೆ. ಮೇಯ್ದದ್ದಕ್ಕಿಂತ ನನಗೆ ಉರಿದದ್ದು ಆ ಮಗಳೆ ಎಂಬ ಮಾತು. ಸುಳ್ಳು ನಮ್ಮ ಮನೆಮಾತಿನಲ್ಲಿ ಬಂದಿತ್ತು, ನಿಜ ಸಂತೆಯ ತಮಿಳಿನಲ್ಲಿ. ಗಾಡಿಗಳು ಹೊರಟವು. ಎತ್ತಿನ ಗಂಟೆಯ ಸದ್ದು ಬಹಳ ದೂರದವರೆಗೆ ಕೇಳಿಸುತ್ತಿತ್ತು...

ತೋಟ ಭಾವನಿಗೆ ಹೋಯಿತು. ಆಡಿದ ಮಾತಿಗೆ ನಾನು ತಪ್ಪಲಿಲ್ಲ, ಅವರ ಮನೆಯ ಊಟಕ್ಕೂ ಹೋಗಲಿಲ್ಲ. ಮಗಳನ್ನು ಕರೆದುಕೊಂಡು ತೌರೂರಾದ ಬತ್ತಲಗುಂಡಿಗೆ ಬಂದೆ. ಇಲ್ಲಿ ವೀಳ್ಯದೆಲೆಯ ವ್ಯಾಪಾರಕ್ಕೆ ಹೆಂಗಸರು ಕೂರುತ್ತಿದ್ದರು, ನಾನೂ ಕೂತೆ. ತುಂಡಿಲ್ಲ, ಬೆರಳಿಲ್ಲ, ಬೆಲೆಯನ್ನು ಬಾಯಿಬಿಟ್ಟೇ ಹೇಳಿದೆ. ಹೇಳಿ ಸುಮ್ಮನಾಗುತ್ತಿದ್ದೆ. ಕೊಳ್ಳುವವನು ಗೊಣಗಲಿ, ಹೋಗಲಿ, ತಿರುಗಿ ಬರಲಿ. ಬರುತ್ತಿದ್ದ. ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ ಇದು: ಆ ಮನುಷ್ಯ ಕಲಿಸಿದ ಪಾಠಗಳಲ್ಲಿ ಒಂದೂ ಸುಳ್ಳಾಗಲಿಲ್ಲ. ನನ್ನ ಹೊಟ್ಟೆ ತುಂಬಿದ್ದು, ಮಗಳ ಮದುವೆಯಾದದ್ದು ಎಲ್ಲ ಅದರಿಂದಲೇ. ಬೈಯಲು ಕೂತರೆ ಬಾಯಲ್ಲಿ ಅವರ ಮಾತೇ ಬರುತ್ತದೆ.

ಕೆಲವು ವರ್ಷದ ಮೇಲೆ ಬೋಡಿಯಿಂದ ಅವರ ಮಗಳು ಹೇಳಿಕಳಿಸಿದಳು. ಅಪ್ಪನಿಗೆ ಒಂದು ಮಗ್ಗುಲು ಬಿದ್ದುಹೋಗಿದೆ, ಮಾತು ನಿಂತಿದೆ, ನಿಮ್ಮ ಹಳೇ ಮನೆಯ ಕಡೆಗೇ ಕೈ ತೋರಿಸುತ್ತಾರೆ, ಒಂದು ಸಲ ಬನ್ನಿ. ನಾನು ಅವಸರ ಮಾಡಲಿಲ್ಲ. ಎಲೆಯ ಕೊಯ್ಲು ಮುಗಿಸಿ ಹೋದೆ.

ಹಗ್ಗದ ಮಂಚದ ಮೇಲೆ ಅರ್ಧ ಮನುಷ್ಯನಾಗಿ ಮಲಗಿದ್ದರು. ಬಾಯಿ ಸೊಟ್ಟಗಾಗಿತ್ತು. ಬಲಗೈ ಮಾತ್ರ ಆಡುತ್ತಿತ್ತು. ನನ್ನನ್ನು ನೋಡಿ ತಲೆದೆಸೆಯ ತುಂಡನ್ನು ಎಳೆದು ಆ ಕೈಯ ಮೇಲೆ ಹಾಕಿಕೊಂಡರು. ಒಗೆದು ಒಗೆದು ಮೆತ್ತಗಾದ ಬಟ್ಟೆ. ಕೆಳಗೆ ಕೈ ಚಾಚಿದ್ದು ಮೇಲಿಂದಲೇ ಕಾಣುತ್ತಿತ್ತು. ಕಣ್ಣು ನನ್ನ ಮೇಲೇ. ಅವರ ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನಾನು ತುಂಡಿನ ಕೆಳಗೆ ಕೈಯಿಟ್ಟೆ, ಜನ್ಮದಲ್ಲಿ ಮೊದಲ ಸಲ.

ಬೆರಳು ಏನೂ ಒತ್ತಲಿಲ್ಲ. ಅಂಗೈ ಪೂರ್ತಿ ಬಿಚ್ಚಿ ನನ್ನ ಕೈಯಲ್ಲಿಟ್ಟಿದ್ದರು. ಅದರ ಅರ್ಥ ನನಗೆ ಗೊತ್ತಿತ್ತು, ಜಗಲಿಯಲ್ಲಿ ಅವರೇ ಹೇಳಿದ್ದರು: ನನ್ನ ಬೆಲೆ ಇಲ್ಲ, ನೀನು ಹೇಳಿದ್ದೇ ಬೆಲೆ. ಒಪ್ಪಿದವನು ಆ ಬೆರಳುಗಳನ್ನು ಮಡಿಸಿ ಮುಷ್ಟಿ ಕಟ್ಟಿದರೆ ವ್ಯಾಪಾರ ಮುಗಿಯಿತು. ಹಾಗೆ ಕೈ ಬಿಚ್ಚುವವನು ಬದುಕಲಾರ, ತಾನಂತೂ ಯಾವತ್ತೂ ಬಿಚ್ಚಿಲ್ಲ ಎಂದೂ ಹೇಳಿದ್ದರು.

ಮಡಿಸಬಹುದಿತ್ತು. ಕೈ ಬೆಚ್ಚಗಿತ್ತು. ಆದರೆ ಆ ಕಿಟಕಿ, ಆ ಹೆಗಲು, ಕುಡಿಯದೆ ಬಿಟ್ಟ ಮಜ್ಜಿಗೆ ಎಲ್ಲ ಎದ್ದು ಬಂದವು. ಕೈ ಹಿಂದಕ್ಕೆ ತೆಗೆದುಕೊಂಡು ನಮ್ಮ ಮನೆಮಾತಿನಲ್ಲೇ ಹೇಳಿದೆ:

"ಪೊರುಮೆಯಾಗಿ ಇರಿ ಮಾಮ. ಬರೋ ವರ್ಷ ಆಗಲಿ."

ಅವರಿಗೆ ಅರ್ಥವಾಯಿತು. ಕಣ್ಣು ಮುಚ್ಚಿಕೊಂಡರು. ಬರುವ ವರ್ಷವಿರಲಿ, ಬರುವ ಅಮಾವಾಸ್ಯೆಯನ್ನೂ ಅವರು ನೋಡಲಿಲ್ಲ.

ನಾನು ಹೇಳಿದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ. ಅವರು ಮಾಡಿದ್ದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ನನ್ನ ಗಂಡ ಹೋದಾಗ ಜಗಲಿಯಲ್ಲಿ ಬಂದು ಸುಮ್ಮನೆ ಕೂತವರೂ ಅವರೊಬ್ಬರೇ. ಆ ಕೂತದ್ದೂ ವ್ಯಾಪಾರವೇ ಆಗಿತ್ತೋ, ಸ್ವಲ್ಪವಾದರೂ ನಿಜ ಇತ್ತೋ... ಕೇಳಲು ಆ ಮನುಷ್ಯ ಇಲ್ಲ. ಒಂದು ವರ್ಷ ಇದ್ದಿದ್ದರೆ ಕೇಳುತ್ತಿದ್ದೆ.

ಮೊಮ್ಮಗಳು ತುಂಡನ್ನು ನೀರಿಗೆ ಹಾಕಲು ಒಳಗಿನಿಂದ ಕೂಗಿದಳು. "ಇರು, ಕೊಂಚ ಹೊತ್ತು ಬಿಡು" ಎಂದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನು ಬಲಗೈಯ ಮೇಲೆ ಹೊದಿಸಿಕೊಂಡೆ. ಸೆಟೆದು ನಿಂತಿತು, ಒಳಗಿನದು ಒಂದೂ ಕಾಣಲಿಲ್ಲ. ಎಡಗೈಯನ್ನು ಕೆಳಗೆ ತೂರಿಸಿ, ಅವರ ಬಿಚ್ಚಿದ ಅಂಗೈಯನ್ನು ಹುಡುಕುವ ಹಾಗೆ ತಡವಿದೆ. ನನಗೆ ಸಿಕ್ಕಿದ್ದು ನನ್ನ ಇನ್ನೊಂದು ಕೈ.