ನಾನು ಕುಳಿತರೆ ಮಾತ್ರ ಬರುವ ಸಪ್ಪಳ

ಆ ಸಪ್ಪಳ ನಾನು ಕುಳಿತಾಗ ಮಾತ್ರ ಬರುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಆ ನೋಟಕ್ಕೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆ ಸಿಂದಗಿಯಲ್ಲಿ. ಯಜಮಾನರದು ದೇವರ ಹಿಪ್ಪರಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ನನ್ನ ಶಾಲೆ ಅದಕ್ಕೂ ಆಚೆ, ಡಾಂಬರು ರಸ್ತೆ ಬಿಟ್ಟು ಒಳಗೆ ತಿರುಗುವ ಒಂದು ಹಳ್ಳಿಯಲ್ಲಿ. ಒಂದನೇ ಇಯತ್ತೆಯ ಮಕ್ಕಳು ನನ್ನ ಪಾಲಿಗೆ. ಬೆಳಿಗ್ಗೆ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಮೋಟಾರ್‌ಸೈಕಲ್ಲಿನ ಹಿಂದೆ ಎರಡೂ ಕಾಲು ಎಡಕ್ಕೆ ಹಾಕಿ ಕುಳಿತರೆ ಪ್ರಾರ್ಥನೆಗೆ ಮೊದಲೇ ಶಾಲೆಯ ಮುಂದೆ ಇರುತ್ತಿದ್ದೆ. ನನ್ನನ್ನು ಇಳಿಸಿ ಅವರು ಅಂಗಡಿಗೆ ಹಿಂದಿರುಗುತ್ತಿದ್ದರು. ವರ್ಷಗಟ್ಟಲೆ ನಡೆದ ಪದ್ಧತಿ.

ಮಳೆಗಾಲ ಮುಗಿದು ರಸ್ತೆಯೆಲ್ಲ ತಗ್ಗುಬಿದ್ದ ದಿನಗಳಲ್ಲಿ ಸಪ್ಪಳ ಶುರುವಾಯಿತು. ತಗ್ಗಿಗೆ ಗಾಡಿ ಇಳಿದಾಗ ‘ಕಟಕ್’ ಅನ್ನುವುದು, ಅದರ ಬೆನ್ನಿಗೇ ‘ಕಿರ್ರ್’ ಎಂದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಹಾಗೆ. ಹಲ್ಲು ಜುಮ್ಮೆನ್ನುತ್ತಿತ್ತು.

“ನೀ ಇಳದ್ ಕೂಡ್ಲೆ ತೆಪ್ಪಗಾಗತೈತಿ ನೋಡು,” ಎಂದರು ಯಜಮಾನರು. “ನಿನ್ನ ಕಂಡ್ರ ಗಾಡಿಗೂ ಹೆದರಿಕಿ.”

“ಹೆದರಾಕತ್ತಾಕಿ ನಾನ್ರಿ. ನನ್ನ ಕಾಲಬುಡಕ ಬರಾಕತ್ತೈತಿ ಸಪ್ಪಳ. ಯಾರಿಗರ ತೋರಸ್ರಿ.”

ಸಿಂದಗಿಯಲ್ಲಿ ನಾವು ಯಾವಾಗಲೂ ಹೋಗುವ ಗ್ಯಾರೇಜಿಗೆ ಹೋದೆವು. ಮಿಸ್ತ್ರಿ ಒಳ್ಳೆಯವನೇ, ಮರ್ಯಾದೆ ಬಲ್ಲವನು. ಗಾಡಿ ನಿಲ್ಲುವ ಮೊದಲೇ ಓಡಿ ಬಂದ.

“ಅಕ್ಕಾರ, ಇಲ್ಲಿ ಆಯಿಲ್ ಐತಿ, ಸೀರಿ ಹೊಲಸಾಗತೈತಿ. ಅಲ್ಲಿ ನೆಳ್ಳಾಗ ಕುಂದರ್ರಿ. ಚಾ ತರಸ್ತೇನಿ.”

ನಮ್ಮ ಕಡೆ ಹೀಗೇ. ಹೆಣ್ಣುಮಗಳು ಗ್ಯಾರೇಜಿನ ಮುಂದೆ ನಿಂತರೆ ಮಿಸ್ತ್ರಿಗೇ ಅವಮಾನವಾದಂತೆ. ಪಕ್ಕದ ಟೇಲರ್ ಅಂಗಡಿಯ ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತೆ. ಅಲ್ಲಿಂದಲೇ ನೋಡುತ್ತಿದ್ದೆ. ಮಿಸ್ತ್ರಿ ಒಬ್ಬನೇ ಗಾಡಿ ಹತ್ತಿ ಬಸ್ ನಿಲ್ದಾಣದವರೆಗೆ ಹೋಗಿ ಬಂದ. ಆಮೇಲೆ ಯಜಮಾನರನ್ನು ಹಿಂದೆ ಕೂರಿಸಿಕೊಂಡು ಇನ್ನೊಂದು ಸುತ್ತು. ಚೈನ್ ಬಿಗಿದ, ಎಣ್ಣೆ ಬಿಟ್ಟ, ಸಿಕ್ಕ ಸಿಕ್ಕ ಬೋಲ್ಟು ತಿರುಗಿಸಿದ.

“ಗಾಡಿ ಬರೋಬ್ಬರಿ ಐತ್ರಿ ಅಣ್ಣಾರ. ಏನೂ ಸಪ್ಪಳಿಲ್ಲ. ಅಕ್ಕಾರ್ದು ಬಳಿ ಸಪ್ಪಳ ಇರಬೇಕ್ರಿ. ಇಲ್ಲಾಂದ್ರ ಬುತ್ತಿ ಡಬ್ಬಿ.”

ಬಳೆಯಂತೆ! ಬೆಳಗಿನ ರೊಟ್ಟಿ ಬಡಿಯುವಾಗಿಂದ ಆ ಬಳೆಗಳ ಜೊತೆಗೇ ಇರುವ ನನಗೆ ಅವುಗಳ ಸದ್ದು ಗೊತ್ತಾಗುವುದಿಲ್ಲವೇ? ಆದರೂ ಮಾತು ಬೇಡವೆಂದು ಮರುದಿನ ಬಳೆಗಳನ್ನು ಮೇಲಕ್ಕೆ ಸರಿಸಿ ಕರವಸ್ತ್ರದಿಂದ ಕಟ್ಟಿದೆ. ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ಊರು ದಾಟುವ ಮೊದಲೇ ‘ಕಟಕ್, ಕಿರ್ರ್.’

“ಕೇಳಿದ್ರಿಲ್ಲೋ?”

“ಹೂಂ,” ಎಂದರು.

ಆಮೇಲೆ ಇಂಡಿಯ ಗ್ಯಾರೇಜು. ಬಂಧುಗಳ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದಾಗ, ಅಲ್ಲಿಯ ಮಿಸ್ತ್ರಿಯೊಬ್ಬ ಭಾರೀ ಹುಷಾರು ಎಂದು ಯಾರೋ ಹೇಳಿದರು. ಅಲ್ಲಿಯೂ ಬೇವಿನ ಮರದ ಕೆಳಗೆ ನನಗೊಂದು ಕುರ್ಚಿ. ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಬೇರೆ ಕೊಟ್ಟರು. ಅವನೂ ಒಬ್ಬನೇ ಓಡಿಸಿದ, ಅವನಿಗೂ ಏನೂ ಕೇಳಿಸಲಿಲ್ಲ. ಯಜಮಾನರು ಸಂಕೋಚದಿಂದ, “ನಮ್ಮ ಮನ್ಯಾಗಿನವ್ರು ಕುಂತ್ರ ಅಷ್ಟ ಬರತೈತಿ,” ಎಂದರು. ಅವನು ನನ್ನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. ಬೇವಿನ ಮರ ಎಷ್ಟು ಹತ್ತಿರವಿತ್ತೆಂದು ಅವನಿಗೆ ಅಂದಾಜಿರಲಿಲ್ಲ.

“ಭಾರ ಆಗತೈತ್ರಿ ಅಣ್ಣಾರ. ಗಾಡಿ ಹಳೇದು. ಅಕ್ಕಾರಿಗೆ ಬಸ್ಸ ಛಲೋ.”

ನನ್ನ ಕೈಯಲ್ಲಿ ತೊಟ್ಟಿಲ ಕಾರ್ಯದ ಉಂಡೆಗಳ ಪೊಟ್ಟಣವಿತ್ತು. ಅದನ್ನು ಅವನ ತಲೆಗೆ ಎಸೆಯಲಿಲ್ಲ, ಅಷ್ಟೇ ನನ್ನ ತಾಳ್ಮೆ. ಇದೇ ಸೀಟಿನ ಮೇಲೆ ಇವರು ಯೂರಿಯಾ ಚೀಲ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಹೋಗುತ್ತಾರೆ. ಆಗ ಗಾಡಿಗೆ ಭಾರವಾಗುವುದಿಲ್ಲ. ಚೀಲಕ್ಕೆ ಯಾರೂ ಬಸ್ಸಿಗೆ ಹೋಗು ಅನ್ನುವುದಿಲ್ಲ.

ಆದರೆ ಯಜಮಾನರ ತಲೆಯಲ್ಲಿ ಆ ಮಾತು ಕುಳಿತೇಬಿಟ್ಟಿತು. “ಒಂದಷ್ಟ ದಿನ ಬಸ್ಸಿಗೆ ಹೋಗು. ನಡು ಹಾದ್ಯಾಗ ಗಾಡಿ ಕೈಕೊಟ್ರ ಇಬ್ಬರೂ ಅಲ್ಲೇ ಉಳಿತೇವಿ.”

ಬಸ್ಸು ನನ್ನನ್ನು ಇಳಿಸುವುದು ಡಾಂಬರು ರಸ್ತೆಯ ತಿರುವಿನಲ್ಲಿ. ಅಲ್ಲಿಂದ ಒಳಗೆ ನಡಿಗೆ, ತೊಗರಿ ಹೊಲಗಳ ನಡುವಿನ ಹಾದಿ. ಬೆವರಿಳಿಸಿಕೊಂಡು ಮುಟ್ಟುವಾಗ ಪ್ರಾರ್ಥನೆ ಮುಗಿದು, ನನ್ನ ಮಕ್ಕಳು ವರಾಂಡದಲ್ಲಿ ಒಬ್ಬರ ಜುಟ್ಟು ಒಬ್ಬರು ಹಿಡಿದಿರುತ್ತಿದ್ದರು. ಮುಖ್ಯ ಗುರುಗಳು ಒಂದು ವಾರ ನೋಡಿ, ಆಮೇಲೆ ಹೇಳಿದರು: “ಹಿಂಗಾದ್ರ ನಡಿಯೂದಿಲ್ರಿ ಅಕ್ಕಾರ. ಬಸ್ಸಿನ ಹಾದ್ಯಾಗಿನ ಸಾಲಿ ನೋಡಿ ವರ್ಗಾ ಕೇಳಕೋರಿ.”

ವರ್ಗಾವಣೆ! ಅ, ಆ ಬರೆಯಲು ಈಗಷ್ಟೇ ಕೈ ತಿರುಗುತ್ತಿದ್ದ ಮಕ್ಕಳನ್ನು ಬಿಟ್ಟು ನಾನು ಹೋಗಬೇಕಂತೆ, ಗಂಡಸರ ಕಿವಿಗೆ ಒಂದು ಸಪ್ಪಳ ಬೀಳದ ತಪ್ಪಿಗೆ.

ಆ ಸಂಜೆ ಪಾತ್ರೆ-ಭಾಂಡೆ ತಿಕ್ಕುತ್ತ ಯೋಚಿಸಿದೆ. ಯೂರಿಯಾ ಚೀಲ ಮಾಡದೆ ಇರುವಂಥದ್ದು, ಮಿಸ್ತ್ರಿ ಮಾಡದೆ ಇರುವಂಥದ್ದು ನಾನು ಏನು ಮಾಡುತ್ತೇನೆ? ಒಂದೇ. ಎಡಕ್ಕೆ ತಿರುಗಿ ಕುಳಿತು, ಹೆಣ್ಣುಮಕ್ಕಳಿಗೆಂದೇ ಗಾಡಿಯ ಎಡಕ್ಕೆ ಹಾಕಿದ ಕಬ್ಬಿಣದ ಸ್ಟೆಪ್ಪಿನ ಮೇಲೆ ಎರಡೂ ಕಾಲು ಊರುತ್ತೇನೆ. ಗಂಡಸರು ಯಾರೂ ಅದರ ಮೇಲೆ ಕಾಲಿಡುವುದಿಲ್ಲ. ಕಾಲಿಡುವ ನಾನು ಕುರ್ಚಿಯ ಮೇಲೆ ಚಹಾ ಕುಡಿಯುತ್ತಿರುತ್ತೇನೆ.

ಯಜಮಾನರಿಗೆ ಹೇಳಿದೆ. ಅವರು ಸ್ಟೆಪ್ಪನ್ನು ಕೈಯಿಂದ ಅಲುಗಾಡಿಸಿ, “ಗಟ್ಟಿ ಐತಲ್ಲ,” ಎಂದು ಕೈ ತೊಳೆದುಕೊಂಡು ಊಟಕ್ಕೆ ಕುಳಿತರು.

ಮುಂದಿನ ರವಿವಾರ ಮುದ್ದೇಬಿಹಾಳದಲ್ಲಿ ಒಂದು ಮದುವೆ. ನಾನು ಬಸ್ಸಿಗೆ, ಅವರು ಗಾಡಿಯ ಮೇಲೆ ಹೋಗಿದ್ದೆವು. ಮರಳಿ ಬರುವ ಹೊತ್ತಿಗೆ ಬಸ್ಸುಗಳು ತುಂಬಿ ತುಳುಕುತ್ತಿದ್ದವು. ಬೇರೆ ದಾರಿಯಿಲ್ಲದೆ ಅವರ ಹಿಂದೆಯೇ ಕುಳಿತೆ. ಬಸವನ ಬಾಗೇವಾಡಿ ಹತ್ತಿರ ಬಂದಾಗ ಪ್ರತಿ ತಗ್ಗಿಗೂ ಕಿರುಗುಟ್ಟುತ್ತಿತ್ತು. ಊರೊಳಗೆ ಒಂದು ಗ್ಯಾರೇಜು ಕಂಡಿತು. “ನಿಲ್ಲಸ್ರಿ,” ಎಂದೆ.

ಮಿಸ್ತ್ರಿ ಎದ್ದು ಬಂದ. ಮಾಮೂಲಿ ಮಾತು ಬಂದೇ ಬಂತು: “ಬರ್ರಿ ಅಕ್ಕಾರ, ಇಳೀರಿ, ಅಲ್ಲಿ ಖುರ್ಚಿ ಐತಿ.”

“ನಾ ಇಳಿಯಾಂಗಿಲ್ಲ.”

ಯಜಮಾನರು ಹಿಂದೆ ತಿರುಗಿ ನೋಡಿದರು. “ಏ, ಇಳೀ ಮಾರಾಯ್ತಿ. ಅವ್ರು ಗಾಡಿ ನೋಡಬೇಕಲ್ಲ?”

“ಖುರ್ಚಿ ಮ್ಯಾಲ ಕುಂತ ಕುಂತ ಸಾಕಾಗೇತಿ. ನಾ ಇದ್ರ ಬರೂ ಸಪ್ಪಳಾನ ನಾ ಇಲ್ದಾಗ ಹುಡಕತೀರಿ, ಸಿಗತೈತೇನು? ನೀವು ಸಾವಕಾಶ ಹೊಡೀರಿ. ತಮ್ಮಾ, ನೀ ಬಾಜೂಕ ನಡಕೋತ ಕೆಳಗ ನೋಡಪಾ.”

ಗಾಡಿ ಹೊರಟಿತು. ಮಿಸ್ತ್ರಿ ಪಕ್ಕದಲ್ಲಿ ನಡೆದ, ಆದರೆ ಮುಖ ಆ ಕಡೆ ತಿರುಗಿಸಿ. ಪರ ಹೆಣ್ಣುಮಗಳ ಕಾಲ ಕಡೆ ಹೇಗೆ ನೋಡುವುದೆಂಬ ಸಂಕೋಚ.

“ನನ್ನ ಕಾಲ ನೋಡಬ್ಯಾಡ ತಮ್ಮಾ, ಕಾಲಬುಡಕಿನ ಕಬ್ಬಣ ನೋಡು!”

ನನ್ನ ದನಿಗೆ ಎದುರಿನ ಪಾನ್ ಅಂಗಡಿಯವರೂ ತಿರುಗಿ ನೋಡಿದರು. ಮಿಸ್ತ್ರಿ ಬಗ್ಗಿದ. ಒಂದು ತಗ್ಗು ಬಂತು, ಕಟಕ್.

“ನಿಂದರ್ರಿ, ನಿಂದರ್ರಿ!”

ನೆಲಕ್ಕೆ ಕುಳಿತು, ಸ್ಟೆಪ್ಪಿನ ಹಿಂಬದಿಗೆ ಕೈ ಹಾಕಿದ. ಅದನ್ನು ಹಿಡಿದಿದ್ದ ಪಟ್ಟಿಯ ಬೆಸುಗೆ ಮುಕ್ಕಾಲು ಪಾಲು ಬಿಟ್ಟಿತ್ತು. ನನ್ನ ಕಾಲಿನ ಭಾರ ಬಿದ್ದಾಗ ಪಟ್ಟಿ ಒಳಗೆ ವಾಲಿ ಚೈನ್ ಕವರಿಗೆ ತಿಕ್ಕುತ್ತಿತ್ತು; ಕಾಲು ತೆಗೆದರೆ ಮೊದಲಿನ ಜಾಗಕ್ಕೆ ಬರುತ್ತಿತ್ತು. ಮಿಸ್ತ್ರಿ ಎದ್ದು ಯಜಮಾನರಿಗೆ ಹೇಳಿದ, “ಇವತ್ತೋ ನಾಳೆಯೋ ಮುರೀತಿತ್ರಿ ಅಣ್ಣಾರ. ಅಕ್ಕಾರ ಕಾಲು ಸೀದಾ ಚಕ್ರದಾಗ ಹೋಗತಿತ್ತು.”

“ಕಾಲು ನನ್ನವು,” ಎಂದೆ. “ನನಗ ಹೇಳು.”

ಅವನು ತಬ್ಬಿಬ್ಬಾಗಿ ನನ್ನ ಕಡೆ ತಿರುಗಿದ. “ಇಷ್ಟ ದಪ್ಪ ಪಟ್ಟಿ ಬರೇ ಕಾಲಿಟ್ರ ಬಿಡೂದಿಲ್ರಿ ಅಕ್ಕಾರ. ಇದರ ಮ್ಯಾಲ ಏನರ ವಜ್ಜಾ ಸಾಮಾನ ಇಡತೀರೇನ್ರಿ?”

ನಾನು ಯಜಮಾನರನ್ನು ನೋಡಿದೆ. ಯೂರಿಯಾ ಚೀಲವನ್ನು ಒಮ್ಮೆಲೇ ಸೀಟಿಗೆ ಎತ್ತಲಾಗದೆ, ಮೊದಲು ಸ್ಟೆಪ್ಪಿನ ಮೇಲೆ ಕುಕ್ಕಿ, ಆಮೇಲೆ ಮೊಣಕಾಲು ಕೊಟ್ಟು ಮೇಲಕ್ಕೇರಿಸುವುದು ಅವರ ರೂಢಿ. ಅವರು ಪಾನ್ ಅಂಗಡಿಯ ಬೋರ್ಡು ಓದುತ್ತಿದ್ದರು.

“ಭಾರ ಯಾರದ್ರಿ?” ಎಂದೆ.

“ಆತ್ ಬಿಡು, ಮಂದಿ ನೋಡಾಕತ್ತಾರ.”

“ನೋಡ್ಲಿ. ನಾ ಖುರ್ಚಿ ಮ್ಯಾಲ ಕುಂತಾಗೂ ನೋಡ್ಯಾರ.”

ಬೆಸುಗೆ ಹಾಕಿ ಮುಗಿಯುವವರೆಗೆ ಅಲ್ಲೇ ನಿಂತೆ. ಆರಿದ ಮೇಲೆ ಸ್ಟೆಪ್ಪಿನ ಮೇಲೆ ಎರಡೂ ಕಾಲಿಟ್ಟು, ಸೀಟು ಹಿಡಿದು, ಮೈಭಾರವೆಲ್ಲ ಬಿಟ್ಟು ನಿಂತು ನೋಡಿದೆ. ಅಲುಗಲಿಲ್ಲ.

ಹಿಪ್ಪರಗಿ ಸಮೀಪಿಸಿತು. ನನ್ನ ಶಾಲೆಯ ತಿರುವು ಬಂದಾಗ, “ಒಳಗ ತಿರಗಸ್ರಿ,” ಎಂದೆ.

“ಇವತ್ತ ಸಾಲಿ ಸೂಟಿ ಐತಲ್ಲ?”

“ಗೊತ್ತೈತಿ. ನಾಳೆ ಮುಂಜಾನೆ ಮತ್ತ ಬಸ್ಸಿನ ಮಾತು ಬರಬಾರದು.”

ತಿರುಗಿಸಿದರು. ತೊಗರಿ ಹೊಲಗಳ ನಡುವೆ, ಒಂದೂ ತಗ್ಗು ತಪ್ಪಿಸದೆ ಹೋದರು. ತಪ್ಪಿಸಲು ನಾನು ಬಿಡಲಿಲ್ಲ. ಒಮ್ಮೆಯೂ ‘ಕಟಕ್’ ಅನ್ನಲಿಲ್ಲ. ಶಾಲೆಯ ಬೀಗ ಹಾಕಿದ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ, ಕೇಳಿದರು, “ನಾಳೆ ಎಷ್ಟೊತ್ತಿಗೆ ಹೊರಡೂಣು?”

“ಯಾವಾಗಿನಂಗ,” ಎಂದೆ. “ಚೀಲ ಮಾತ್ರ ಇನ್ನ ಬಸ್ಸಿಗೆ ಬರ್ಲಿ.”