ಕಣ್ಣೀರು ಬಾರದ ರೋದಿಯೋನರ ಭಾನುವಾರದ ಗಾಡಿ

ಬೆಳಗಿನ ಐದು ಗಂಟೆ. ತೊಕ್ಮೊಕ್ ಪಟ್ಟಣದ ಅಂಚಿನ ಮನೆಯೊಂದರ ಅಂಗಳದಲ್ಲಿ ರೋದಿಯೋನ್ ಲಿಗಾಯ್ ತಮ್ಮ ಹಳೆಯ ಮಿನಿಬಸ್ಸಿನ ಬಾಗಿಲಿಗೆ ಬಿಸಿನೀರು ಸುರಿಯುತ್ತಿದ್ದಾರೆ. ಹಿಮಕ್ಕೆ ಬೀಗ ಕಚ್ಚಿಕೊಂಡಿದೆ. ರಾತ್ರಿ ಎಂಜಿನ್ನಿಗೆ ಹೊದಿಸಿದ್ದ ಕೌದಿಯನ್ನು ತೆಗೆದು ಕೊಡವಿ ಹಿಂದಿನ ಸೀಟಿಗೆ ಹಾಸುತ್ತಾರೆ. ಅಲ್ಲಿ ಕೂರುವ ಫ್ರೀದಾ ಅಜ್ಜಿಗೆ ಸೊಂಟನೋವು. ಕೌದಿ ಡೀಸೆಲ್ ನಾರುತ್ತದೆ ಎಂದು ಅಜ್ಜಿ ಪ್ರತಿ ವಾರ ಬೈಯುತ್ತಾರೆ. ಕೌದಿ ಮರೆತ ವಾರ ಇನ್ನೂ ಜೋರಾಗಿ ಬೈಯುತ್ತಾರೆ.

ಸೋಮವಾರದಿಂದ ಶನಿವಾರದವರೆಗೆ ಈ ಗಾಡಿ ಪೇಟೆಗೂ ಹಳ್ಳಿಗಳಿಗೂ ಓಡಾಡಿ ರೋದಿಯೋನರ ಹೊಟ್ಟೆ ಹೊರೆಯುತ್ತದೆ. ಭಾನುವಾರ ಮಾತ್ರ ಅದು ಪ್ರಾರ್ಥನಾ ಮನೆಯ ಗಾಡಿ. ಮೂವತ್ತೆಂಟು ಕಿಲೋಮೀಟರ್, ಒಂಬತ್ತು ಕಡೆ ನಿಲುಗಡೆ, ಹದಿನಾಲ್ಕು ಜನ. ಅವರಲ್ಲಿ ಹನ್ನೊಂದು ಅಜ್ಜಿಯರು. ಒಬ್ಬೊಬ್ಬರೂ ಗೇಟಿನವರೆಗೆ ಬಂದು, ಕನ್ನಡಕ ಮರೆತೆನೆಂದು ಒಳಗೆ ಹೋಗಿ, ಮತ್ತೆ ಬರುವಷ್ಟು ಹೊತ್ತನ್ನೂ ಲೆಕ್ಕ ಹಾಕಿಯೇ ರೋದಿಯೋನ್ ಹೊರಡುತ್ತಾರೆ. ಕಳೆದ ಬೇಸಿಗೆಯವರೆಗಿನ ಇಪ್ಪತ್ತಾರು ವರ್ಷಗಳಲ್ಲಿ ಪ್ರಾರ್ಥನೆ ಈ ಗಾಡಿಯಿಂದಾಗಿ ತಡವಾದದ್ದು ಎರಡೇ ಸಲ. ಒಮ್ಮೆ ಕುರಿಮಂದೆ ಅಡ್ಡ ಬಂದಿತ್ತು, ಇನ್ನೊಮ್ಮೆ ಚಕ್ರವೇ ಕಳಚಿ ಗದ್ದೆಗೆ ಹೋಗಿತ್ತು.

ಇಷ್ಟಾದರೂ ಸಭೆಯಲ್ಲಿ ರೋದಿಯೋನರದು ಅರೆಬೆಂದ ಭಕ್ತಿ ಎಂಬ ಮಾತಿದೆ. ಕಾರಣ, ಅವರು ಅಳುವುದಿಲ್ಲ. ಉಳಿದವರಿಗೆ ಹಾಡು ಶುರುವಾದರೆ ಸಾಕು, ಕಣ್ಣೀರು ಇಳಿಯುತ್ತದೆ. ಊರೆಲ್ಲ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಅನಾರ್ಕುಲ್ ಅವರ ಕರವಸ್ತ್ರ ಮೊದಲ ಹಾಡಿಗೇ ಒದ್ದೆಯಾಗುತ್ತಿತ್ತು. ಅಪಾಗೆ ನಂಬಿಕೆ ಬಂದ ದಿನ ಅವರ ಕೊಟ್ಟಿಗೆಯೆಲ್ಲ ಬೆಳಕು ತುಂಬಿ, ಹಸು ಕೂಡ ಮೇವು ಬಿಟ್ಟು ನಿಂತಿತಂತೆ. ಹೊಸಬರು ಬಂದಾಗಲೆಲ್ಲ ಅಪಾ ಅದನ್ನು ಅರ್ಧ ಗಂಟೆ ಹೇಳುತ್ತಿದ್ದರು. ಒಮ್ಮೆ ಹಾಗೆ ಹೇಳುವ ಸರದಿ ರೋದಿಯೋನರಿಗೆ ಬಂದಾಗ ಅವರು ಎದ್ದು ನಿಂತು, "ದೇವರ ವಾಕ್ಯ ಓದಿದೆ. ನಿಜ ಅನ್ನಿಸ್ತು. ಸೇರ್ಕೊಂಡೆ," ಎಂದರು. ಸಭೆಯ ಹಿರಿಯ ತಲಾಂತ್, ಆಮೇಲೇನಾಯಿತು ಎಂದು ಕೇಳಿದರು. "ಆಮೇಲೆ ಏನಿಲ್ಲ. ಕೂತ್ಕೊಳ್ಲಾ?"

ಕಳೆದ ಚಳಿಗಾಲದಲ್ಲಿ ಬೇರೆ ಊರಿನ ಬೋಧಕರೊಬ್ಬರು ಮೂರು ದಿನದ ಕೂಟ ನಡೆಸಿದರು. ಜನ ಅತ್ತರು, ನಕ್ಕರು, ಕುಣಿದರು. ಹಿಂದಿನ ಗೋಡೆಗೊರಗಿ ನಿಂತಿದ್ದ ರೋದಿಯೋನರ ಒಣಗಣ್ಣು ಬೋಧಕರಿಗೆ ಕಂಡೇಬಿಟ್ಟಿತು. ದೇವರ ಸ್ಪರ್ಶ ಯಾವಾಗ ಆಯಿತು ಎಂದು ಕೇಳಿದರು. ಅಂಥ ದಿನ ಯಾವುದೂ ನೆನಪಿಲ್ಲ ಎಂದು ರೋದಿಯೋನ್ ಪ್ರಾಮಾಣಿಕವಾಗಿ ಹೇಳಿದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಆರು ಜನ ತಲೆಯ ಮೇಲೆ ಕೈಯಿಟ್ಟು ಮುಕ್ಕಾಲು ಗಂಟೆ ಪ್ರಾರ್ಥಿಸಿದರು. ಕೊನೆಗೆ ರೋದಿಯೋನರ ಕತ್ತು ವಾಲಿತು, ಮೈ ಸಡಿಲವಾಯಿತು. ಸಭೆ ಹರ್ಷದಿಂದ ಸ್ತೋತ್ರ ಹೇಳಿತು. ಆ ಗದ್ದಲಕ್ಕೆ ಕಣ್ಣುಬಿಟ್ಟ ಅವರು, "ಕ್ಷಮಿಸಿ, ನಿದ್ದೆ ಬಂದ್ಬಿಡ್ತು. ನಾಲ್ಕಕ್ಕೇ ಎದ್ದಿದ್ದೆ," ಎಂದರು.

ಆ ದಿನ ಎಲ್ಲರೂ ನಕ್ಕರು, ರೋದಿಯೋನರೂ ನಕ್ಕರು. ಆದರೆ ಬೋಧಕರ ಮಾತು ಒಳಗೆ ನಾಟಿತ್ತು. ಮನೆಯಲ್ಲಿ ಒಬ್ಬರೇ ಮಂಡಿಯೂರಿ ಗಂಟೆಗಟ್ಟಲೆ ಕಾದು ನೋಡಿದರು. "ಕಾಲಿಗೇನೋ ಆಯ್ತು, ಜೋಮು ಹಿಡೀತು. ಮನಸ್ಸಿಗೇನೂ ಆಗ್ಲಿಲ್ಲ," ಎನ್ನುತ್ತಾರೆ. ಹೆಂಡತಿ ಝೋಯಾ, ಮದುವೆಯ ದಿನವೂ ಈ ಮನುಷ್ಯನ ಮುಖ ಹೀಗೇ ಇತ್ತು, ಆದರೂ ಮೂವತ್ತು ವರ್ಷ ಬಾಳಲಿಲ್ಲವೇ ಎಂದು ಸಮಾಧಾನ ಹೇಳಿದರು. ಸಮಾಧಾನವಾಗಲಿಲ್ಲ. ದೇವರು ತನ್ನನ್ನು ಒಳಗೆ ಸೇರಿಸಿಕೊಂಡೇ ಇಲ್ಲವೇನೋ, ಇಷ್ಟು ವರ್ಷ ಬಾಗಿಲಿನವರೆಗೆ ಜನರನ್ನು ಬಿಟ್ಟು ತಾನು ಹೊರಗೇ ಉಳಿದೆನೇನೋ ಎಂಬ ಭಯ ಹೊಕ್ಕಿತು. ತಲಾಂತರ ಬಳಿ ಹೋಗಿ ಗಾಡಿಗೆ ಬೇರೆ ಯೋಗ್ಯ ಮನುಷ್ಯನನ್ನು ನೋಡಿಕೊಳ್ಳಿ ಎಂದರು. ತಲಾಂತ್ ಒಂದು ವಾರ ಹುಡುಕಿದರು. ಅಳುವವರು ಬೇಕಾದಷ್ಟು ಜನ ಸಿಕ್ಕರು, ಲೈಸೆನ್ಸ್ ಇದ್ದವರು ಸಿಗಲಿಲ್ಲ. ರೋದಿಯೋನ್ ಭಾನುವಾರ ಮತ್ತೆ ಗಾಡಿ ತೆಗೆದರು.

ವಸಂತದಲ್ಲಿ ಅನಾರ್ಕುಲ್ ಅಪಾ ಅವರ ಗಂಡ ತೀರಿಕೊಂಡರು. ಮಣ್ಣಾದ ಮರುವಾರದಿಂದ ಅಪಾ ಪ್ರಾರ್ಥನೆಗೆ ಬರುವುದನ್ನು ನಿಲ್ಲಿಸಿದರು. ಸಮಾಧಾನ ಹೇಳಲು ಹೋದ ಫ್ರೀದಾ ಅಜ್ಜಿ, ಮೊದಲಿನಂತೆ ಎದೆ ತುಂಬಿ ಬರುವವರೆಗೂ ಬಿಡದೆ ಪ್ರಾರ್ಥಿಸು ಎಂದರಂತೆ. ಅಪಾ ಚಹಾ ಕೂಡ ಕೊಡದೆ ಬಾಗಿಲು ಹಾಕಿಕೊಂಡರು. ಈ ಕಡೆ ಅದಕ್ಕಿಂತ ದೊಡ್ಡ ಜಗಳವಿಲ್ಲ.

ರೋದಿಯೋನ್ ಮಾತ್ರ ಪ್ರತಿ ಭಾನುವಾರ ಆರೂ ಹತ್ತಕ್ಕೆ ಅಪಾ ಗೇಟಿನ ಮುಂದೆ ಗಾಡಿ ನಿಲ್ಲಿಸಿದರು. ಹಾರ್ನ್ ಹೊಡೆಯಲಿಲ್ಲ, ಕರೆಯಲಿಲ್ಲ. ಹತ್ತು ನಿಮಿಷ ಕಾದು ಮುಂದಕ್ಕೆ ಹೋದರು. ಗಾಡಿಯೊಳಗಿದ್ದ ಅಜ್ಜಿಯರು ಮೂರನೆಯ ವಾರದಿಂದ ಗೊಣಗತೊಡಗಿದರು. ಹೀಗೆ ಹನ್ನೊಂದು ಭಾನುವಾರ ಕಳೆದವು. ಹನ್ನೆರಡನೆಯದಕ್ಕೆ ಗೇಟು ದಡಾರನೆ ತೆರೆಯಿತು. ಅಪಾ ಮನೆಯುಡುಪಿನಲ್ಲೇ, ಕೈಯಲ್ಲಿ ಪೊರಕೆ ಹಿಡಿದು ಬಂದಿದ್ದರು.

"ನಿನ್ನ ಹೊಗೆಗೆ ನನ್ನ ಈರುಳ್ಳಿ ಪಾತಿ ಕರಕಲಾಯ್ತು ಕಣೋ. ಯಾಕೆ ಬರ್ತೀಯ? ನನಗೀಗ ಏನೂ ಅನ್ಸಲ್ಲ. ಪ್ರಾರ್ಥನೆ ಮಾಡಿದ್ರೆ ಗೋಡೆ ಜೊತೆ ಮಾತಾಡಿದ ಹಾಗಿರುತ್ತೆ."

"ನನಗೂ ಹಾಗೇ ಇರುತ್ತೆ ಅಪಾ," ಎಂದರು ರೋದಿಯೋನ್.

"ಎಷ್ಟು ದಿನದಿಂದ?"

"ಇಪ್ಪತ್ತಾರು ವರ್ಷದಿಂದ."

ಅಪಾ ಪೊರಕೆ ಇಳಿಸಿದರು. ಮತ್ತೆ ಹೇಗೆ ಬರುತ್ತೀಯ ಎಂದು ಕೇಳಿದರು.

"ನನಗೆ ಅನ್ಸುತ್ತೆ ಅಂತ ದೇವರು ಇರೋದಲ್ವಲ್ಲ. ನನಗೆ ಏನನ್ಸಿದ್ರೂ ಅನ್ಸದೇ ಇದ್ರೂ ಆತ ಇದಾನೆ. ಅದಕ್ಕೆ ಭಾನುವಾರ ಗಾಡಿ ತೆಗೀತೀನಿ."

ಅಪಾ ಒಳಗೆ ಹೋದರು. ರೋದಿಯೋನ್ ಎಂಜಿನ್ ಆರಿಸಿದರು. ಹತ್ತು ನಿಮಿಷವಲ್ಲ, ಇಪ್ಪತ್ತು ನಿಮಿಷವಾಯಿತು. ಕೊನೆಗೆ ಅಪಾ ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಕರಿದ ರೊಟ್ಟಿಯ ಗಂಟು ಹಿಡಿದು ಬಂದರು. ಹಿಂದೆ ತಮ್ಮ ಹಳೆಯ ಜಾಗಕ್ಕೆ ಹೋಗದೆ ರೋದಿಯೋನರ ಪಕ್ಕದ ಸೀಟಿಗೆ ಹತ್ತಿದರು. "ಅಳೋರೆಲ್ಲ ಹಿಂದೆ ಇರ್ಲಿ. ಇದು ಏನೂ ಅನ್ಸದೇ ಇರೋರ ಸೀಟು," ಎಂದರು. ಹಿಂದಿನಿಂದ ಫ್ರೀದಾ ಅಜ್ಜಿಯ ನಗು ಮೊದಲು ಕೇಳಿತು. ಪ್ರಾರ್ಥನೆ ಅಂದು ಮೂರನೆಯ ಬಾರಿ ತಡವಾಯಿತು.

ಆಮೇಲೆ ಅಪಾ ಒಂದು ಭಾನುವಾರವೂ ತಪ್ಪಿಸಿಲ್ಲ. ಕೆಲವು ವಾರ ಕರವಸ್ತ್ರ ಒದ್ದೆಯಾಗುತ್ತದೆ, ಕೆಲವು ವಾರ ಮಡಿಕೆ ಕೂಡ ಬಿಚ್ಚುವುದಿಲ್ಲ. ಯಾವ ವಾರ ಯಾವುದು ಎಂದು ಅವರೀಗ ಯಾರಿಗೂ ವರದಿ ಒಪ್ಪಿಸುವುದಿಲ್ಲ. ಅಚ್ಚರಿಯೆಂದರೆ, ಆ ಮುಂದಿನ ಸೀಟಿಗೆ ಈಗ ಬೇಡಿಕೆ ಹೆಚ್ಚಿದೆ. ಎದೆ ಒಣಗಿದೆ ಎನ್ನುವ ಅಜ್ಜಿಯರು ಸರದಿಯಂತೆ ಬಂದು ಕೂರುತ್ತಾರೆ. ಜೋರಾಗಿ ಹಾಡುವ ಇಬ್ಬರು ಕೂಡ ಕಳೆದ ತಿಂಗಳು ಸದ್ದಿಲ್ಲದೆ ಹೆಸರು ಹೇಳಿಟ್ಟಿದ್ದಾರೆ. ತಲಾಂತ್ ಗಾಡಿಗೆ ಬೇರೆ ಮನುಷ್ಯನನ್ನು ಹುಡುಕುವುದನ್ನು ಬಿಟ್ಟಿದ್ದಾರೆ.

ನಿಮಗೂ ಒಂದು ಸಲವಾದರೂ ಎದೆ ತುಂಬಿ ಬರಲಿ ಎಂಬ ಆಸೆಯಿಲ್ಲವೇ ಎಂದು ಕೇಳಿದರೆ ರೋದಿಯೋನ್ ಗಾಡಿಯ ಕನ್ನಡಿ ಒರೆಸುತ್ತಾರೆ. "ಆಸೆ ಇದೆ. ಬಂದ್ರೆ ಬೇಡ ಅನ್ನಲ್ಲ," ಎನ್ನುತ್ತಾರೆ. "ಆದ್ರೆ ಎಲ್ಲರನ್ನೂ ಇಳಿಸಿ, ಗಾಡಿ ನಿಲ್ಲಿಸಿದ ಮೇಲೆ ಬರ್ಲಿ."