ಮದುವೆಯಾಗದೆ ಸತ್ತವನ ಮಗ

ನಮ್ಮ ಚಿಕ್ಕತಾತ ಮದುವೆಯಾಗದೆ ಸತ್ತ ಎಂದು ಬರೆದವನು ನಾನೇ. ಮೇಷ್ಟ್ರ ಅಕ್ಷರ ಮುತ್ತಿನಂತಿದೆ ಎಂದು ಆ ಕೆಲಸವನ್ನು ನನಗೇ ಒಪ್ಪಿಸಿದ್ದರು. ಅಪ್ಪ ತೀರಿಕೊಂಡ ಮೇಲೆ ಸಿರುಗುಪ್ಪದ ಕಾಲುವೆ ಕೆಳಗಿನ ಗದ್ದೆ ನನಗೂ ಅಣ್ಣನಿಗೂ ಪಾಲಾಗಬೇಕಿತ್ತು. ಖಾತೆಯಲ್ಲಿ ಇನ್ನೂ ತಾತನ ಹೆಸರು, ಅವನ ತಮ್ಮನ ಹೆಸರು ಜೊತೆಗಿದ್ದವು. ಆ ತಮ್ಮ ಮೀಸೆ ಮೂಡುವ ವಯಸ್ಸಿನಲ್ಲಿ ನಮ್ಮೂರು ಕುರುಗೋಡು ಬಿಟ್ಟು, ಮದ್ರಾಸಿನಲ್ಲಿ ಹಡಗು ಹತ್ತಿ, ಮಲಯಾದ ರಬ್ಬರ್ ತೋಟಕ್ಕೆ ಕೂಲಿಗೆ ಹೋದವನು. ವಂಶವೃಕ್ಷ ಮಾಡಿಸುವಾಗ ಇಂಥವರನ್ನು 'ಅವಿವಾಹಿತ, ಮೃತ' ಎಂದು ಬರೆದು ಮುಗಿಸುವುದು ನಮ್ಮ ಕಡೆ ಹೊಸದೇನಲ್ಲ. ಐದು ಜನ ಪಂಚರು ನಮ್ಮ ಮನೆಯಲ್ಲಿ ಒಗ್ಗಾಣಿ ಮಿರ್ಚಿ ತಿಂದು, ಚಹಾ ಕುಡಿದು, ಪಂಚನಾಮೆಗೆ ಸಹಿ ಹಾಕಿದರು. ಅದರ ಮೇಲೆ ಸೀಲು ಬಿತ್ತು. ನನ್ನ ಪಾಲು ಮಾರಿ ನಾನು ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ ಕಟ್ಟಿದೆ.

ಚಿಕ್ಕತಾತ ಮದುವೆಯಾಗಿದ್ದ. ಅದು ನಮಗೆಲ್ಲ ಗೊತ್ತಿತ್ತು. ತಾತನ ಟ್ರಂಕಿನಲ್ಲಿ ಒಂದು ಫೋಟೋ ಇತ್ತು. ಕುರ್ಚಿಯ ಮೇಲೆ ಚಿಕ್ಕತಾತ, ಪಕ್ಕದಲ್ಲಿ ಅವನ ಹೆಂಡತಿ, ಅವಳ ಕಂಕುಳಲ್ಲಿ ಕುಲಾವಿ ಹಾಕಿದ ಕೂಸು. ಹಿಂಬದಿಯಲ್ಲಿ 'ಅಣ್ಣನಿಗೆ, ನಿನ್ನ ಮಗನನ್ನು ನೋಡು' ಎಂದು ಸೊಟ್ಟ ಅಕ್ಷರದಲ್ಲಿ ಬರೆದಿದ್ದ. ಪಂಚನಾಮೆ ಬರೆಯುವಾಗ ಆ ಟ್ರಂಕಿನ ಮೇಲೇ ಕಾಗದ ಇಟ್ಟುಕೊಂಡು ಬರೆದಿದ್ದೆ. ಆಗ ನನಗೆ ಏನೂ ಅನ್ನಿಸಲಿಲ್ಲ, ಅನ್ನಿಸಿತ್ತು ಎಂದು ಈಗ ಹೇಳಿಕೊಂಡು ದೊಡ್ಡವನಾಗುವ ಆಸೆಯೂ ಇಲ್ಲ.

ಆ ಕೂಸು ಎಪ್ಪತ್ತು ದಾಟಿದ ಮೇಲೆ ನನಗೆ ಫೋನ್ ಮಾಡಿತು. ಅವನ ಮಗಳು ಕುರುಗೋಡಿನವರ ವಾಟ್ಸಾಪ್ ಗುಂಪೊಂದನ್ನು ಹುಡುಕಿ ಹಿಡಿದಿದ್ದಳಂತೆ. ಊರಿನ ಕಿರಾಣಿ ಅಂಗಡಿಯವನು ನನ್ನ ನಂಬರ್ ಕೊಟ್ಟಿದ್ದ.

"ನಾನು ನಿನ್ನ ಚಿಕ್ಕಪ್ಪ ಅದೀನಿ ಮಗಾ. ನಮ್ಮ ಮನಿ ಗುಡಿ ಹಿಂದಿನ ಓಣ್ಯಾಗ ಐತಂತಲ್ಲ, ಇನ್ನೂ ಐತೇನು?"

ಕುರುಗೋಡನ್ನು ಒಮ್ಮೆಯೂ ಕಾಣದವನ ಬಾಯಲ್ಲಿ ನಮ್ಮ ತಾತನ ಮಾತು. ನಡುನಡುವೆ ತಮಿಳು, ತೆಲುಗು. ಅವನ ಕಥೆ ಇಷ್ಟೇ. ತೋಟದಲ್ಲಿ ಹುಟ್ಟಿದ, ಹುಟ್ಟಿದ್ದಕ್ಕೆ ಯಾರೂ ಕಾಗದ ಮಾಡಿಸಲಿಲ್ಲ. ಆ ದೇಶ ಅವನನ್ನು ಇರಲು ಬಿಟ್ಟಿತೇ ಹೊರತು ತನ್ನವನೆಂದು ಒಪ್ಪಲಿಲ್ಲ. ತಂದೆ ಭಾರತದವನೆಂದು ತೋರಿಸಿದರೆ ಭಾರತದ ಪೌರತ್ವ ಸಿಗಬಹುದು ಎಂದು ಅಲ್ಲಿನ ವಕೀಲ ಹೇಳಿದ್ದರಿಂದ ಅರ್ಜಿ ಹಾಕಿದ್ದ. ಒಂದು ವರ್ಷದೊಳಗೆ ಅಪ್ಪನ ಊರಿನಿಂದ ವಂಶವೃಕ್ಷ ತರಿಸಬೇಕು, ಅದರಲ್ಲಿ ಅಪ್ಪನ ಹೆಸರಿನ ಕೆಳಗೆ ಅವನ ಹೆಸರಿರಬೇಕು. ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ.

"ಸಾಯೋದ್ರಾಗ ಯಾವ್ದಾದ್ರೂ ಒಂದು ದೇಶದಾಂವ ಆಗಬೇಕು ಮಗಾ. ಇಷ್ಟs ನನ್ನ ಆಸಿ. ಹೊಲ ಮನಿ ನನಗೇನೂ ಬ್ಯಾಡ, ಬೇಕಾದ್ರ ಬರಕೊಡ್ತೀನಿ," ಎಂದ.

ಮರುದಿನವೇ ಕುರುಗೋಡಿಗೆ ಹೋದೆ. ಅಣ್ಣ ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಪೂರ್ತಿ ಕೇಳಿಸಿಕೊಂಡ.

"ಹೊಲ ಬ್ಯಾಡ ಅಂತ ಬರಕೊಡ್ತಾನಂತಣ್ಣ," ಎಂದೆ.

"ಬ್ಯಾಡ ಅನ್ನಾಕ ಮೊದ್ಲು ಹಕ್ಕು ಇರಬೇಕಲ್ಲಲೇ. ಬರಸ್ಕೊಂಡ್ವಿ ಅಂದ್ರ ನಾವs ಒಪ್ಪಿಕೊಂಡಂಗಾತು. ನಿನ್ನ ಕಡಿಂದ ಗದ್ದಿ ಕೊಂಡಾಂವ ಸುಮ್ನಿರ್ತಾನೇನು? ಪಂಚನಾಮಿ ಬರದಾಂವ ಯಾರು? ಜೈಲಿಗೆ ಹೋಗಾಕ ತಯಾರಿದ್ರ ಬರಸು, ಹೋಗು."

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಪಾಲಾದ ಮೇಲೆ ನಾವಿಬ್ಬರೂ ಹಬ್ಬಕ್ಕೂ ಒಬ್ಬರ ಮನೆಗೊಬ್ಬರು ಹೋದವರಲ್ಲ. ಅವತ್ತು ಮಾತ್ರ ಅತ್ತಿಗೆ ಬಡಿಸಿದ ಊಟವನ್ನು ಒಟ್ಟಿಗೆ ಕೂತು ಉಂಡೆವು.

ಚಿಕ್ಕಪ್ಪ ಪ್ರತಿ ಸೋಮವಾರ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ವಿಡಿಯೋ ಕಾಲ್ ಮಾಡುತ್ತಿದ್ದ. "ಕಚೇರಿಗೆ ಹೋಗಿದ್ದೇನು ಮಗಾ?" ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದೆ. ಒಂದು ವಾರ ಸರ್ವರ್ ಇಲ್ಲ ಎಂದೆ. ಇನ್ನೊಂದು ವಾರ ಗ್ರಾಮ ಲೆಕ್ಕಿಗರಿಗೆ ವರ್ಗವಾಗಿದೆ ಎಂದೆ. ನಾನು ಕಚೇರಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಅವನು ಅಲ್ಲಿ ಕೂತು ನಮ್ಮ ಸರಕಾರಕ್ಕಾಗಿ ಕಾಯುತ್ತಿದ್ದೇನೆ ಎಂದುಕೊಂಡಿದ್ದ, ಕಾಯುತ್ತಿದ್ದದ್ದು ನನಗಾಗಿ. ಹೇಳಲು ನಾಚಿಕೆಯಾಗುತ್ತದೆ, ನನಗೆ ಅದು ಹಿತವಾಗಿತ್ತು. ಮೂವತ್ತು ವರ್ಷ ಹೆಡ್ ಮೇಷ್ಟ್ರ ಕೋಣೆಯ ಹೊರಗೆ, ಟ್ರೆಜರಿಯ ಮುಂದೆ ನಿಂತು ಕಾದವನು ನಾನು. ನನ್ನ ಒಂದು ಮಾತಿಗಾಗಿ ಯಾರೂ ಹೀಗೆ ಮುಖ ನೋಡುತ್ತ ಕೂತಿರಲಿಲ್ಲ.

ಪೌರತ್ವ ಬಂದರೆ ಕನ್ನಡದಲ್ಲೇ ಸಹಿ ಹಾಕುತ್ತೇನೆ ಎಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ತನ್ನ ಹೆಸರು ಬರೆಯಲು ಕಲಿಯತೊಡಗಿದ. ಬರೆದು ಕ್ಯಾಮೆರಾಗೆ ಹಿಡಿಯುತ್ತಿದ್ದ. ಒತ್ತು ತಪ್ಪಾಗಿದೆ, ದೀರ್ಘ ಇಲ್ಲ ಎಂದು ನಾನು ತಿದ್ದುತ್ತಿದ್ದೆ. "ಬರಿ ಕೈ ನಡುಗ್ತೈತಿ, ಮುಂದಿನ ಸೋಮಾರ ನೋಡು," ಎನ್ನುತ್ತಿದ್ದ. ನಾನು ಎಲ್ಲಿಯೂ ಬರೆಸಲಾರದ ಹೆಸರನ್ನು ಅವನಿಂದ ತಿಂಗಳುಗಟ್ಟಲೆ ಬರೆಸಿದೆ.

ಒಮ್ಮೆ ಮಾತ್ರ ಮನಸ್ಸು ಗಟ್ಟಿ ಮಾಡಿದೆ. ಗದ್ದೆ ಕೊಂಡವನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ, ಮುಂದೆ ಆದದ್ದಾಗಲಿ ಎಂದು ಸಿರುಗುಪ್ಪದ ಬಸ್ಸು ಹತ್ತಿದೆ. ಆತ ಒಳ್ಳೆಯ ಮನುಷ್ಯ. "ಬರ್ರಿ ಮೇಷ್ಟ್ರೇ, ನಿಮ್ಮ ಗದ್ದಿ ಈ ಸಲ ಬಂಗಾರ ಆಗೈತಿ," ಎಂದು ಬದುವಿನ ಮೇಲೆ ನಡೆಸಿ ತೋರಿಸಿದ. ಊಟ ಮಾಡದೆ ಏಳಗೊಡಲಿಲ್ಲ. ಬರುವಾಗ ಹೊಸ ಅಕ್ಕಿಯ ಚೀಲವೊಂದನ್ನು ತಾನೇ ಬಸ್ಸಿಗೆ ಹಾಕಿಸಿದ. ಹೇಳಬೇಕಾದ್ದನ್ನು ಹೇಳದೆಯೇ ಮನೆಗೆ ಬಂದೆ. ಆ ಅಕ್ಕಿಯಲ್ಲಿ ಅರ್ಧ ಯಾರದು ಎಂದು ಗೊತ್ತಿದ್ದೂ ಎರಡು ತಿಂಗಳು ಉಂಡೆವು.

ವರ್ಷ ಮುಗಿಯುತ್ತ ಬಂತು. ಚಿಕ್ಕಪ್ಪ ವಾರಕ್ಕೆರಡು ಸಲ ಫೋನ್ ಮಾಡತೊಡಗಿದ. ನನಗೆ ಸುಳ್ಳುಗಳು ಖರ್ಚಾಗಿಹೋಗಿದ್ದವು. ಅಣ್ಣನನ್ನು ಕೇಳಿದೆ.

"ನೀನ್ಯಾಕ ಸುಳ್ಳು ಹೇಳ್ತಿ? ನಮ್ಮ ಹತ್ರ ವಂಶವೃಕ್ಷ ಐತಲ್ಲ, ಅದನ್ನs ಕಳಸು," ಎಂದ ಅಣ್ಣ. "ಸರಕಾರದ ಕಾಗದ. ನಾವೇನು ಹೇಳೋದು ಬ್ಯಾಡ, ಅದs ಹೇಳ್ತೈತಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಷ್ಟು ಸುಲಭದ ಉಪಾಯ ಎಂದು ನನಗೂ ಅನ್ನಿಸಿತು. ಅಲಮಾರಿಯಿಂದ ಹಳೆಯ ವಂಶವೃಕ್ಷ ತೆಗೆದು ಮೇಜಿನ ಮೇಲೆ ಹರವಿದೆ. ಚಿಕ್ಕತಾತನ ಹೆಸರಿನ ಮುಂದೆ 'ಅವಿವಾಹಿತ, ಮೃತ'. ಕೆಳಗೆ ಗುಂಡನೆಯ ಸೀಲು. ಮೊಬೈಲಿನಲ್ಲಿ ಫೋಟೋ ಹಿಡಿದೆ. ಮೊದಲ ಸಲ ಮಸುಕಾಗಿ ಬಂತು. ಓದಲು ಕಷ್ಟವಾಗಬಾರದೆಂದು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ತೆಗೆದು ಕಳಿಸಿದೆ. 'ಕಚೇರಿಯಲ್ಲಿ ಇರುವುದು ಇಷ್ಟೇ' ಎಂದು ಕೆಳಗೆ ಬರೆದೆ.

ಮೂರು ಸೋಮವಾರ ಫೋನ್ ಬರಲಿಲ್ಲ. ಮೂರೂ ಸಲ ನಾನು ಮೊಬೈಲನ್ನು ಎದುರಿಗಿಟ್ಟುಕೊಂಡೇ ತಿಂಡಿ ತಿಂದೆ. ನಾಲ್ಕನೆಯ ಸೋಮವಾರ ಬಂತು. ವಿಡಿಯೋ ಅಲ್ಲ, ಬರೀ ದನಿ.

"ನಮಸ್ಕಾರ್ರೀ ಮೇಷ್ಟ್ರೇ."

ನಾನು ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದೆ.

"ಆ ಕಾಗದ ಇಲ್ಲಿ ಒಬ್ರ ಕೈಲೆ ಓದಿಸಿದೆ ರೀ. ಸರಕಾರದ ಸೀಲು ಐತಿ, ಸುಳ್ಳು ಆಗಾಕ ಸಾಧ್ಯ ಇಲ್ಲ. ನಿಮ್ಮ ಚಿಕ್ಕತಾತ ಮದುವಿ ಆಗದs ಸತ್ತಾರ. ಅಂದ್ರ ನಮ್ಮಪ್ಪ ಬ್ಯಾರೆ ಯಾರೋ. ಆಗಿನ ಕಾಲಕ್ಕ ಮಂದಿ ಯಾರದರೆ ಹೆಸ್ರು ಹೇಳಿ ಹಡಗು ಹತ್ತತಿದ್ರಂತ. ನಮ್ಮಪ್ಪನೂ ಹಂಗs ಮಾಡ್ಯಾನ. ಸಾಯೋ ತನಕ ನಮ್ಮವ್ವಗೂ ಸುಳ್ಳು ಹೇಳ್ಯಾನ, ನನಗೂ ಹೇಳ್ಯಾನ. ಅರ್ಜಿ ವಾಪಸ್ ತಗೊಂಡೆ ರೀ. ಕಳ್ಳನ ಮಗ ನಾನು, ದೊಡ್ಡ ಮನಿ ಹೆಸ್ರು ಹಿಡ್ಕೊಂಡು ನಿಮಗ ಒಂದು ವರ್ಷ ತ್ರಾಸು ಕೊಟ್ಟೆ. ನಿಮ್ಮ ಅಣ್ಣಾರಿಗೂ ಹೇಳ್ರಿ. ತಪ್ಪು ತಿಳೀಬ್ಯಾಡ್ರಿ."

ಸತ್ಯ ನಾಲಿಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಎದೆಯ ಮೇಲಿನ ಕಲ್ಲು ಇಳಿದಂತೆ ನಿರಾಳವಾಗಿತ್ತು ನನಗೆ.

"ಇರ್ಲಿ ಬಿಡ್ರಿ. ಮನುಷ್ಯಾ ಅಂದಮ್ಯಾಲ ತಪ್ಪು ಆಗ್ತಾವ," ಎಂದು ನಾನೇ ಅವನನ್ನು ಕ್ಷಮಿಸಿದೆ.